ಒಕ್ಕೂಟ ಬಿಟ್ಟು ಹೊರಡುವ ಮಾತುಕತೆ: ಬ್ರಿಟನ್ನಿನ ಲೆಕ್ಕ ಎಲ್ಲೆಲ್ಲಿ ಸಿಕ್ಕಿಕೊಂಡಿತು?

ತುಂಗಾತೀರ

ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟದ್ದರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬಂದದ್ದು ಹೆಚ್ಚಾಗಿ ಯಾರು ರಾಜೀನಾಮೆ ಕೊಟ್ಟರು, ಯಾರು ಪ್ರಧಾನಿಯಾದರು ಎನ್ನುವುದೇ. ನನಗೆ ಬೇಕಿರುವುದು ಅದರೊಳಗಿನ ಯಂತ್ರ. 2016ರ ಜೂನ್ 23ರಂದು ಮತ ಹಾಕಿದವರಲ್ಲಿ ಶೇ 51.9 ಮಂದಿ ಬಿಡೋಣ ಅಂದರು. ಒಕ್ಕೂಟದ ಕರಾರಿನಲ್ಲಿ ಇರುವುದು ಎರಡು ವರ್ಷದ ಗಡುವು. ಬ್ರಿಟನ್ ಹೊರಬಿದ್ದದ್ದು 2020ರ ಜನವರಿ 31ಕ್ಕೆ, ವ್ಯಾಪಾರದ ನಿಯಮ ನಿಜಕ್ಕೂ ಬದಲಾದದ್ದು 2021ರ ಜನವರಿ 1ಕ್ಕೆ. ಮೇಜಿನ ಮೇಲೆ ಏನೇನಿತ್ತು, ಯಾವುದರ ನಂತರ ಯಾವುದು, ಸಿಕ್ಕಿಕೊಂಡದ್ದು ಎಲ್ಲಿ? ಬಿಟ್ಟದ್ದು ಸರಿಯೋ ತಪ್ಪೋ ಎನ್ನುವ ಜಗಳ ಇಲ್ಲಿ ಬೇಡ, ದಯವಿಟ್ಟು.

ಕರಡುಪ್ರತಿ

ಕಾನೂನಿನಿಂದ ಶುರು ಮಾಡೋಣ. ಒಕ್ಕೂಟದ ಲಿಸ್ಬನ್ ಕರಾರಿನೊಂದಿಗೆ 2009ರಲ್ಲಿ ಜಾರಿಗೆ ಬಂದ 50ನೇ ವಿಧಿಯಲ್ಲಿ ಇರುವುದು ಐದೇ ಪರಿಚ್ಛೇದ. ಹೊರಡುವ ದೇಶ ತನ್ನ ಸಂವಿಧಾನದ ಪ್ರಕಾರ ತೀರ್ಮಾನಿಸಿ ಲಿಖಿತವಾಗಿ ತಿಳಿಸಬೇಕು. ತಿಳಿಸಿದ ದಿನದಿಂದ ಎರಡು ವರ್ಷ. ಅಷ್ಟರಲ್ಲಿ ಒಪ್ಪಂದ ಆಗದಿದ್ದರೆ ಒಪ್ಪಂದವಿಲ್ಲದೆಯೇ ಸದಸ್ಯತ್ವ ಕಳಚಿಕೊಳ್ಳುತ್ತದೆ, ಅದಕ್ಕೆ ಬೇರೆ ಯಾರ ಸಹಿಯೂ ಬೇಡ. ಒಪ್ಪಂದಕ್ಕೆ ಉಳಿದ 27 ದೇಶಗಳಲ್ಲಿ ಶೇ 72, ಅಂದರೆ ಕನಿಷ್ಠ 20 ದೇಶ ಒಪ್ಪಬೇಕು, ಅವುಗಳ ಜನಸಂಖ್ಯೆ 27ರ ಒಟ್ಟು ಜನಸಂಖ್ಯೆಯ ಶೇ 65 ದಾಟಬೇಕು, ಮೇಲೆ ಐರೋಪ್ಯ ಸಂಸತ್ತಿನ ಸಮ್ಮತಿ ಬೇಕು. ಆದರೆ ಗಡುವು ವಿಸ್ತರಿಸಲು 27ಕ್ಕೆ 27 ದೇಶವೂ ಒಪ್ಪಬೇಕು. ಇದನ್ನು ಗಮನದಲ್ಲಿಡಿ: ಒಪ್ಪಂದಕ್ಕೆ ಬಹುಮತ ಸಾಕು, ಸಮಯಕ್ಕೆ ಮಾತ್ರ ಸರ್ವಾನುಮತ. ಹೊರಡುವ ದೇಶವನ್ನು ಈ ಚರ್ಚೆ ನಡೆಯುವ ಕೋಣೆಯೊಳಗೂ ಬಿಡುವುದಿಲ್ಲ.

ಹೀಗಾಗಿ ಹೊರಡುವವರ ಕೈಯಲ್ಲಿ ಇರುವ ಒಂದೇ ದೊಡ್ಡ ಅಸ್ತ್ರ, ಯಾವಾಗ ಪತ್ರ ಕೊಡುವುದು ಎನ್ನುವುದು. ಕೊಟ್ಟ ಮರುಕ್ಷಣ ಅದು ಎದುರಿನವರ ಕೈಗೆ ಹೋಗುತ್ತದೆ.

ಬ್ರಿಟನ್ ಮಾಡಿದ್ದು ನೋಡಿ. ಸಂಸತ್ತನ್ನು ಕೇಳದೆ ಸರ್ಕಾರ ಪತ್ರ ಕೊಡುವಂತಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2017ರ ಜನವರಿ 24ರಂದು 8–3ರಿಂದ ಹೇಳಿತು. ಅವಸರವಸರವಾಗಿ ಕಾಯ್ದೆ ಮಾಡಿ ಮಾರ್ಚ್ 29ಕ್ಕೆ ಪತ್ರ ಕೊಟ್ಟರು. ಒಕ್ಕೂಟದ ನಾಯಕರ ಮಾರ್ಗಸೂಚಿ ಏಪ್ರಿಲ್ 29ಕ್ಕೆ, ಸಂಧಾನಕಾರರಿಗೆ ಅಧಿಕೃತ ಆದೇಶ ಮೇ 22ಕ್ಕೆ, ಮೊದಲ ಸಭೆ ಜೂನ್ 19ಕ್ಕೆ. ಕೊನೆಯಲ್ಲಿ ಅನುಮೋದನೆಗೆ ಸಮಯ ಬೇಕೆಂದು ಒಕ್ಕೂಟದ ಮುಖ್ಯ ಸಂಧಾನಕಾರ ಮಿಷೆಲ್ ಬಾರ್ನಿಯೆ 2018ರ ಅಕ್ಟೋಬರ್‌ನಲ್ಲೇ ಪಠ್ಯ ಸಿದ್ಧವಿರಬೇಕು ಅಂದಿದ್ದರು. 24 ತಿಂಗಳು ಕರಗಿ 16 ಆಯಿತು. ಗಡಿಯಾರ ಓಡುತ್ತಿರುವಾಗಲೇ ಪ್ರಧಾನಿ ತೆರೇಸಾ ಮೇ ಜೂನ್ 8ಕ್ಕೆ ಚುನಾವಣೆ ಇಟ್ಟು ಬಹುಮತ ಕಳೆದುಕೊಂಡು, ಬ್ರಿಟನ್ನಿನೊಂದಿಗೇ ಇರಬೇಕೆನ್ನುವ ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ 10 ಸದಸ್ಯರನ್ನು ಆತುಕೊಂಡರು. ಮುಂದಿನ ಎರಡು ವರ್ಷದ ಗೋಳಿಗೆ ಬೀಜ ಬಿದ್ದದ್ದು ಅಲ್ಲಿ.

ಸುಂಕದಕಟ್ಟೆ

ಮೇಲಿನದ್ದಕ್ಕೆ ಒಂದು ಸೇರಿಸುತ್ತೇನೆ. ಪತ್ರ ಕೊಡುವ ಮೊದಲೇ ಫಲಿತಾಂಶದ ಮುಕ್ಕಾಲು ಪಾಲು ತೀರ್ಮಾನವಾಗಿತ್ತು. 2017ರ ಜನವರಿ 17ರ ಲ್ಯಾಂಕಾಸ್ಟರ್ ಹೌಸ್ ಭಾಷಣದಲ್ಲಿ ಮೇ ಕೆಂಪು ಗೆರೆಗಳನ್ನು ಎಳೆದರು: ಐರೋಪ್ಯ ನ್ಯಾಯಾಲಯದ ಅಧಿಕಾರ ಬೇಡ, ಜನರ ಮುಕ್ತ ಸಂಚಾರ ಬೇಡ, ವರ್ಷವರ್ಷ ದೊಡ್ಡ ಮೊತ್ತ ಕೊಡುವುದು ಬೇಡ, ಬೇರೆ ದೇಶಗಳೊಂದಿಗೆ ಸ್ವಂತ ವ್ಯಾಪಾರ ಒಪ್ಪಂದ ಬೇಕು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಬಾರ್ನಿಯೆ ತಂಡ ಒಂದೇ ಒಂದು ಸ್ಲೈಡ್ ತೋರಿಸಿತು, ಮೆಟ್ಟಿಲಿನ ಚಿತ್ರ. ಮೇಲಿನ ಮೆಟ್ಟಿಲು ಸದಸ್ಯತ್ವ. ಕೆಳಗೆ ನಾರ್ವೆ: ಮುಕ್ತ ಸಂಚಾರ ಇದೆ, ಹಣ ಇದೆ, ಹಾಗಾಗಿ ಬ್ರಿಟನ್ನಿಗೆ ಆಗದು. ಸ್ವಿಟ್ಜರ್ಲೆಂಡ್: ಅಲ್ಲೂ ಸಂಚಾರ ಇದೆ. ಉಕ್ರೇನ್: ನ್ಯಾಯಾಲಯದ ಪಾತ್ರ ಇದೆ. ಟರ್ಕಿ: ಕಸ್ಟಮ್ಸ್ ಯೂನಿಯನ್, ಅಂದರೆ ಹೊರಗಿನ ಸರಕಿಗೆ ಒಕ್ಕೂಟದ್ದೇ ಸುಂಕ, ಸ್ವಂತ ವ್ಯಾಪಾರ ನೀತಿ ಇಲ್ಲ. ಉಳಿದದ್ದು ಕೆನಡಾ ಮತ್ತು ದಕ್ಷಿಣ ಕೊರಿಯಾದ ಮೆಟ್ಟಿಲು, ಅಂದರೆ ಬರೀ ಮುಕ್ತ ವ್ಯಾಪಾರ ಒಪ್ಪಂದ. ಮೂರು ವರ್ಷದ ನಂತರ 2020ರ ಡಿಸೆಂಬರ್ 24ಕ್ಕೆ ಸಿಕ್ಕಿದ್ದೂ ಹೆಚ್ಚುಕಡಿಮೆ ಅದೇ. ನಡುವೆ ನಡೆದ ಗದ್ದಲದ ಬಹುಪಾಲು, ಆ ಮೆಟ್ಟಿಲನ್ನು ಒಪ್ಪಿಕೊಳ್ಳದೆ ಎರಡು ಮೆಟ್ಟಿಲ ನಡುವೆ ಗಾಳಿಯಲ್ಲಿ ನಿಲ್ಲುವ ಪ್ರಯತ್ನ. 2018ರ ಜುಲೈ 6ರಂದು ಪ್ರಧಾನಿಯ ಹಳ್ಳಿಮನೆ ಚೆಕರ್ಸ್‌ನಲ್ಲಿ ಮಾಡಿದ ಯೋಜನೆ ಅದಕ್ಕೆ ಒಳ್ಳೆಯ ಉದಾಹರಣೆ: ಸರಕಿಗೆ ಮಾತ್ರ ಒಕ್ಕೂಟದ ನಿಯಮ, ಸೇವೆಗೆ ಬೇಡ, ಸುಂಕ ಇಬ್ಬರದ್ದನ್ನೂ ಬ್ರಿಟನ್ನೇ ವಸೂಲಿ ಮಾಡಿಕೊಡುವುದು. ಎರಡು ದಿನದಲ್ಲಿ ಬ್ರೆಕ್ಸಿಟ್ ಸಚಿವ ಡೇವಿಡ್ ಡೇವಿಸ್ ರಾಜೀನಾಮೆ, ಮಾರನೇ ದಿನ ವಿದೇಶಾಂಗ ಸಚಿವ ಬೋರಿಸ್ ಜಾನ್ಸನ್ ರಾಜೀನಾಮೆ. ಸೆಪ್ಟೆಂಬರ್‌ನಲ್ಲಿ ಸಾಲ್ಸ್‌ಬರ್ಗ್‌ನಲ್ಲಿ ಒಕ್ಕೂಟವೂ ತಳ್ಳಿಹಾಕಿತು.

ಪಣಂಬೂರು ದಕ್ಕೆ

ಸುಂಕದಕಟ್ಟೆಯವರೇ, ನೀವು ಹೇಳುವುದು ಕೇಳಿದರೆ ಬ್ರಿಟನ್ನಿನ ಕೈಯಲ್ಲಿ ಎಂತದೂ ಇರಲಿಲ್ಲ ಅಂತ ಆಗ್ತದೆ. ಹಾಗಲ್ಲ ಮಾರಾಯ್ರೆ. ಒಕ್ಕೂಟದ ಬಜೆಟ್ಟಿಗೆ ನಿವ್ವಳ ಹಣ ಕೊಡುವ ದೊಡ್ಡ ದೇಶಗಳಲ್ಲಿ ಒಂದು ಅದು. ರಕ್ಷಣೆ, ಗುಪ್ತಚರ ವಿಷಯದಲ್ಲಿ ಬಲ ಉಂಟು. ಮೀನಿನ ನೀರು ಉಂಟು. ಬಿದ್ದದ್ದು ಕ್ರಮದ ಪ್ರಶ್ನೆಯಲ್ಲಿ. ಮೊದಲು ಹಣ, ನಾಗರಿಕರ ಹಕ್ಕು, ಐರ್ಲೆಂಡ್ ಗಡಿ (ಬ್ರಿಟನ್ನಿನ ಉತ್ತರ ಐರ್ಲೆಂಡಿಗೂ ಒಕ್ಕೂಟದ ಐರ್ಲೆಂಡಿಗೂ ನಡುವಿನದ್ದು). ಇದರಲ್ಲಿ ಸಾಕಷ್ಟು ಪ್ರಗತಿ ಆದ ಮೇಲೆಯೇ ವ್ಯಾಪಾರದ ಮಾತು ಅಂತ ಬ್ರಸೆಲ್ಸ್, ಅಂದರೆ ಒಕ್ಕೂಟದ ಕೇಂದ್ರ, ಹಟ ಹಿಡಿಯಿತು. ಇದೇ ಬೇಸಿಗೆಯ ದೊಡ್ಡ ಜಗಳ ಆಗ್ತದೆ ಅಂತ ಡೇವಿಸ್ ಮೊದಲೇ ಹೇಳಿದ್ದರು. ಜೂನ್ 19ರಂದು, ಮೊದಲ ದಿನವೇ, ಬಿಟ್ಟುಕೊಟ್ಟರು.

ಅದರಲ್ಲೂ ಐರ್ಲೆಂಡ್ ಗಡಿಯನ್ನು ಮೊದಲ ಹಂತಕ್ಕೆ ಹಾಕಿದ್ದು ತರ್ಕಕ್ಕೇ ನಿಲ್ಲುವುದಿಲ್ಲ. ಗಡಿಯಲ್ಲಿ ಏನು ತಪಾಸಣೆ ಬೇಕು ಅನ್ನುವುದು ವ್ಯಾಪಾರ ಒಪ್ಪಂದ ಯಾವ ಬಗೆಯದ್ದು ಅನ್ನುವುದರ ಮೇಲೆ ನಿಂತದ್ದು. ಎರಡನೆಯದ್ದು ಗೊತ್ತಿಲ್ಲದೆ ಮೊದಲನೆಯದ್ದು ಬಗೆಹರಿಸುವುದು ಹೇಗೆ? ಅಲ್ಲಿ ಗಟ್ಟಿ ನಿಂತಿದ್ದರೆ ಕ್ರಮ ಮುರಿಯುತ್ತಿತ್ತು.

ಕರಡುಪ್ರತಿ

ತರ್ಕ ನಿಮ್ಮದು ಸರಿ. ಕಾನೂನಿನಲ್ಲೂ ಒಂದು ಎಳೆ ಇತ್ತು: ಭವಿಷ್ಯದ ಸಂಬಂಧದ ಚೌಕಟ್ಟನ್ನು ಗಮನದಲ್ಲಿಟ್ಟುಕೊಂಡು ನಿರ್ಗಮನ ಒಪ್ಪಂದ ಮಾಡಬೇಕು ಅಂತ 50ನೇ ವಿಧಿಯಲ್ಲೇ ಇದೆ. ಅದಕ್ಕೆ ಒಕ್ಕೂಟದ ಆಡಳಿತ ನಡೆಸುವ ಐರೋಪ್ಯ ಆಯೋಗದ ಉತ್ತರ ಸಿದ್ಧವಿತ್ತು: ಚೌಕಟ್ಟು ಬೇರೆ, ಒಪ್ಪಂದ ಬೇರೆ. ವ್ಯಾಪಾರ ಒಪ್ಪಂದ ಮಾಡುವುದು ಹೊರಗಿನ ದೇಶದ ಜೊತೆ. ನೀವು ಇನ್ನೂ ಒಳಗಿದ್ದೀರಿ, ಆದ್ದರಿಂದ ಸಹಿ ಹಾಕಲು ಆಗದು. ಹೀಗೆ ಎರಡು ದಾಖಲೆ ಹುಟ್ಟಿದವು. ಒಂದು, ಕೋರ್ಟಿನಲ್ಲಿ ನಿಲ್ಲುವ ನಿರ್ಗಮನ ಒಪ್ಪಂದ, 585 ಪುಟ. ಇನ್ನೊಂದು ರಾಜಕೀಯ ಘೋಷಣೆ, ಕೆಲವೇ ಪುಟ, ಯಾರನ್ನೂ ಕಟ್ಟಿಹಾಕದ್ದು. ಹಣ ಮೊದಲನೆಯದರಲ್ಲಿ, ಆಸೆ ಎರಡನೆಯದರಲ್ಲಿ.

ಒಳಗಿನ ಒಗ್ಗಟ್ಟಿನ ವಿಷಯವೂ ಇದೆ. 27 ದೇಶಗಳ ಪರವಾಗಿ ಮಾತಾಡಿದ್ದು ಒಬ್ಬರೇ. ಬಾರ್ನಿಯೆ ತಂಡ ಕರಡುಗಳನ್ನು ತಾನೇ ಮೊದಲು ಬರೆದು ಪ್ರಕಟಿಸುತ್ತಿತ್ತು. 2018ರ ಮಾರ್ಚ್ 19ರ ಕರಡಿನಲ್ಲಿ ಒಪ್ಪಿದ್ದು ಹಸಿರು, ತತ್ವಕ್ಕೆ ಮಾತ್ರ ಒಪ್ಪಿದ್ದು ಹಳದಿ, ಒಪ್ಪದ್ದು ಬಿಳಿ. ಎದುರಿನವರು ಬರೆದ ಪಠ್ಯವನ್ನು ತಿದ್ದುವವರು ಅವರ ವಾಕ್ಯದೊಳಗೇ ಓಡಾಡಬೇಕಾಗುತ್ತದೆ. ಸಂಧಾನದಲ್ಲಿ ಕರಡು ಬರೆಯುವವನಿಗೆ ಇರುವ ಲಾಭವನ್ನು ಬ್ರಿಟನ್ ತಾನಾಗಿ ಬಿಟ್ಟುಕೊಟ್ಟಿತು ಅನ್ನುವುದು ನನ್ನ ಅಭಿಪ್ರಾಯ.

ಧಾರವಾಡದಾಂವ

ಹಣದ್ದು ಯಾರರ ಬಿಡಿಸಿ ಹೇಳ್ರಿ. ಮನ್ಯಾಗ ಹಿಸ್ಸೆ ಆದ್ರ ಹೊಂಟಾವಗ ಆಸ್ತಿ ಪಾಲು ಸಿಗ್ತೈತಿ. ಇಲ್ಲಿ ಹೊಂಟಾವನs ರೊಕ್ಕ ಕೊಟ್ಟು ಹೊಂಟಾನಲ್ರೀ, ಇದ್ಯಾವ ನ್ಯಾಯ?

ಲೆಕ್ಕಪತ್ರ

ಹಿಸ್ಸೆಯ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ ಸರ್. ಬ್ರಸೆಲ್ಸಿನ ಕಟ್ಟಡಗಳಲ್ಲಿ ಪಾಲು ಕೊಡಿ ಅನ್ನುವ ವಾದ ಲಂಡನ್ನಿನಲ್ಲಿ ಕೇಳಿಬಂದಿತ್ತು, ನಡೆಯಲಿಲ್ಲ. ಆಸ್ತಿ ಒಕ್ಕೂಟದ ಹೆಸರಿನಲ್ಲಿದೆ, ಸದಸ್ಯರ ಹೆಸರಿನಲ್ಲಿಲ್ಲ.

ಮೊತ್ತ ಕೂಡಿದ್ದು ಮೂರು ತುಂಡಿನಿಂದ. ಮೊದಲನೆಯದು, ಒಕ್ಕೂಟದ ಬಜೆಟ್ ಏಳು ವರ್ಷಕ್ಕೊಮ್ಮೆ ನಿಗದಿಯಾಗುತ್ತದೆ. 2014–2020ರ ಅವಧಿಗೆ ಬ್ರಿಟನ್ ಒಪ್ಪಿತ್ತು, ಆದ್ದರಿಂದ 2020ರ ಕೊನೆವರೆಗೆ ಸದಸ್ಯನಂತೆಯೇ ಕೊಡಬೇಕು. ಎರಡನೆಯದು, ಮಂಜೂರಾಗಿದ್ದು ಬಿಲ್ ಇನ್ನೂ ಪಾವತಿಯಾಗದ ಬಾಕಿ. ಒಂದು ಸೇತುವೆಗೆ 2019ರಲ್ಲಿ ಒಪ್ಪಿಗೆ ಕೊಟ್ಟರೆ ಹಣ ಹೋಗುವುದು 2022ರಲ್ಲೋ 2023ರಲ್ಲೋ. ಒಪ್ಪಿಗೆ ಕೊಟ್ಟಾಗ ನೀವಿದ್ದಿರಿ, ಹಾಗಾಗಿ ನಿಮ್ಮ ಪಾಲು ನಿಮ್ಮದು. ಮೂರನೆಯದು, ಒಕ್ಕೂಟದ ನೌಕರರ ಪಿಂಚಣಿಯಂಥ ದೀರ್ಘಕಾಲದ ಹೊಣೆ. ಇದು ದಶಕಗಟ್ಟಲೆ ಎಳೆಯುತ್ತದೆ.

ಬುದ್ಧಿವಂತಿಕೆ ಇದ್ದದ್ದು ಒಂದೇ ಮೊತ್ತ ಬರೆಯದೆ ಸೂತ್ರ ಬರೆದದ್ದರಲ್ಲಿ. ಬ್ರಿಟನ್ ಹೊರಟಿತೆಂದು ಯಾವ ದೇಶವೂ ಹೆಚ್ಚು ಕೊಡಬಾರದು, ಕಡಿಮೆ ಪಡೆಯಬಾರದು. ಬ್ರಿಟನ್ ಕೂಡ ಒಳಗಿದ್ದಿದ್ದರೆ ಕೊಡುತ್ತಿದ್ದುದಕ್ಕಿಂತ ಹೆಚ್ಚು ಅಥವಾ ಬೇಗ ಕೊಡಬೇಕಿಲ್ಲ. ಪತ್ರಿಕೆಗಳಲ್ಲಿ 6,000 ಕೋಟಿಯಿಂದ 10,000 ಕೋಟಿ ಯೂರೋವರೆಗೆ ಅಂಕಿಗಳು ತೇಲುತ್ತಿದ್ದಾಗ, ಈ ಸೂತ್ರದ ಪ್ರಕಾರ ಬ್ರಿಟನ್ನಿನ ಖಜಾನೆ ಅಂದಾಜು ಮಾಡಿದ್ದು 3,500ರಿಂದ 3,900 ಕೋಟಿ ಪೌಂಡ್. ಎರಡೂ ಕಡೆಯವರಿಗೆ ತಮ್ಮ ಜನರ ಮುಂದೆ ಬೇರೆಬೇರೆ ಅಂಕಿ ಹೇಳಲು ಜಾಗ ಸಿಕ್ಕಿತು.

ನಷ್ಟ ಆದದ್ದು ಐರೋಪ್ಯ ಹೂಡಿಕೆ ಬ್ಯಾಂಕಿನಲ್ಲಿ. ಬ್ರಿಟನ್ ಕಟ್ಟಿದ್ದ ಬಂಡವಾಳ 350 ಕೋಟಿ ಯೂರೋ, 12 ವಾರ್ಷಿಕ ಕಂತಿನಲ್ಲಿ ವಾಪಸ್. ಬ್ಯಾಂಕು ವರ್ಷಗಳಿಂದ ಕೂಡಿಟ್ಟ ಲಾಭದಲ್ಲಿ ಪಾಲು ಇಲ್ಲ, ಬಡ್ಡಿಯೂ ಇಲ್ಲ. ಪಣಂಬೂರಿನವರು ಹೇಳಿದ ಹಣದ ಬಲಕ್ಕೂ ಒಂದು ಆಧಾರ ಇತ್ತು: ಒಪ್ಪಂದವಿಲ್ಲದೆ ಹೊರಟರೆ ಕೊಡಲೇಬೇಕೆಂಬ ಕಾನೂನಿನ ಹೊಣೆ ಇಲ್ಲ ಅಂತ ಲಾರ್ಡ್ಸ್ ಸಭೆಯ ಸಮಿತಿಯೊಂದು 2017ರ ಮಾರ್ಚ್‌ನಲ್ಲಿ ಬರೆದಿತ್ತು. ಆದರೆ ಆ ಬೆದರಿಕೆ ನಡೆಯಬೇಕಾದರೆ ಒಪ್ಪಂದವಿಲ್ಲದೆ ಹೊರಡುವ ತಯಾರಿ ನಂಬುವ ಹಾಗಿರಬೇಕು. 2019ರ ಜನವರಿಯಲ್ಲಿ ಕೆಂಟ್‌ನ ಮ್ಯಾನ್‌ಸ್ಟನ್ ವಿಮಾನ ನಿಲ್ದಾಣದಲ್ಲಿ ಲಾರಿ ಸಾಲಿನ ತಾಲೀಮು ಮಾಡಿದಾಗ ಬಂದದ್ದು 89 ಲಾರಿ. ಡೋವರ್ ಬಂದರಿನಲ್ಲಿ ಬಿರುಸಿನ ದಿನ 10,000 ಲಾರಿ ಓಡಾಡುತ್ತವೆ. ಬ್ರಸೆಲ್ಸಿನವರೂ ಟಿವಿ ನೋಡುತ್ತಿದ್ದರು.

ಧಾರವಾಡದಾಂವ

ಛಲೋ ತಿಳಿಸಿದ್ರಿ. ಈಗ ಐರ್ಲೆಂಡ್. ಅಷ್ಟು ಸಣ್ಣ ಗಡಿಗೆ ಇಡೀ ಮಾತುಕತಿ ನಿಂತ್ಹೋತು ಅಂದ್ರ ನಂಬಾಕ ಆಗೂದಿಲ್ಲ. ಕ್ಯಾಮೆರಾ ಹಚ್ಚಿ, ನಂಬರ್ ಪ್ಲೇಟ್ ಹಿಡದು, ಆನ್‌ಲೈನ್ ಫಾರ್ಮ್ ತುಂಬಿಸ್ಕೊಂಡಿದ್ರ ಆಗ್ತಿರ್ಲಿಲ್ಲೇನ್ರೀ?

ಸುಂಕದಕಟ್ಟೆ

ಕ್ಯಾಮೆರಾಕ್ಕೆ ಕಾಣುವುದು ಲಾರಿ, ಲಾರಿಯೊಳಗಿನ ಹಾಲಲ್ಲ. ಸುಂಕ ಮಾತ್ರವಾಗಿದ್ದರೆ ಫಾರ್ಮಿನಲ್ಲಿ ಬಹುಪಾಲು ಮುಗಿಯುತ್ತಿತ್ತು. ತೊಂದರೆ ಆಹಾರ ಮತ್ತು ಪ್ರಾಣಿಜನ್ಯ ಸರಕಿನದ್ದು. ಒಕ್ಕೂಟದ ನಿಯಮದ ಪ್ರಕಾರ ಹೊರದೇಶದ ಮಾಂಸ, ಹಾಲು, ಮೊಟ್ಟೆ ಗಡಿಯ ತಪಾಸಣಾ ಠಾಣೆಯ ಮೂಲಕವೇ ಒಳಬರಬೇಕು. ದಾಖಲೆ ಎಲ್ಲ ಸರಕಿಗೂ ನೋಡಬೇಕು, ಒಂದು ಪಾಲನ್ನು ಬಿಚ್ಚಿ ನೋಡಬೇಕು. ಉತ್ತರ ಐರ್ಲೆಂಡಿನ ಹಾಲಿನಲ್ಲಿ ಸುಮಾರು ಮೂರನೇ ಒಂದು ಪಾಲು ಸಂಸ್ಕರಣೆಗೆ ದಕ್ಷಿಣಕ್ಕೆ ಹೋಗುತ್ತದೆ. ಗಡಿ ಸುಮಾರು 500 ಕಿಲೋಮೀಟರ್, ದಾಟುವ ರಸ್ತೆಗಳು 200ಕ್ಕೂ ಹೆಚ್ಚು. ದಶಕಗಳ ಹಿಂಸೆ ನಿಲ್ಲಿಸಿದ 1998ರ ಗುಡ್ ಫ್ರೈಡೇ ಒಪ್ಪಂದದ ಬಳಿಕ ಅಲ್ಲಿ ಸೇನೆಯ ಕಾವಲು ಗೋಪುರಗಳು ಹೋಗಿದ್ದವು. ಹೊಸ ಕಂಬ ನೆಟ್ಟರೆ ಅದಕ್ಕೆ ಕಾವಲು, ಕಾವಲಿನವರಿಗೆ ಮತ್ತೆ ಕಾವಲು ಬೇಕಾಗುತ್ತದೆ ಅನ್ನುವುದು ಅಲ್ಲಿನ ಪೊಲೀಸರದ್ದೇ ಆತಂಕ.

ಬ್ರಿಟನ್ ಮೂರು ಮಾತು ಕೊಟ್ಟಿತ್ತು: ಕಸ್ಟಮ್ಸ್ ಯೂನಿಯನ್ನೂ ಸಿಂಗಲ್ ಮಾರ್ಕೆಟ್ಟೂ (ಒಕ್ಕೂಟದ ಒಂದೇ ನಿಯಮದ ಮಾರುಕಟ್ಟೆ) ಬಿಡುತ್ತೇವೆ, ಐರ್ಲೆಂಡ್ ದ್ವೀಪದಲ್ಲಿ ಗಡಿ ತಪಾಸಣೆ ಇರುವುದಿಲ್ಲ, ಉತ್ತರ ಐರ್ಲೆಂಡಿಗೂ ಉಳಿದ ಬ್ರಿಟನ್ನಿಗೂ ನಡುವೆ ಭೇದ ಇರುವುದಿಲ್ಲ. ಯಾವ ಎರಡನ್ನಾದರೂ ಉಳಿಸಿಕೊಳ್ಳಬಹುದು, ಮೂರನ್ನೂ ಅಲ್ಲ.

2017ರ ಡಿಸೆಂಬರ್ 4ರಂದು ಮೇ ಬ್ರಸೆಲ್ಸಿನಲ್ಲಿ ಊಟಕ್ಕೆ ಕೂತಿದ್ದಾಗಲೇ ಡಿಯುಪಿ ಫೋನಿನಲ್ಲಿ ಒಪ್ಪಿಗೆ ನಿರಾಕರಿಸಿತು. ನಾಲ್ಕು ದಿನ ಬಿಟ್ಟು ಬಂದ ಜಂಟಿ ವರದಿಯಲ್ಲಿ 49ನೇ ಪ್ಯಾರಾ, ಬೇರೆ ಪರಿಹಾರ ಸಿಗದಿದ್ದರೆ ಒಕ್ಕೂಟದ ನಿಯಮಕ್ಕೆ ಹೊಂದಿಕೊಂಡಿರುತ್ತೇವೆ ಅಂದಿತು, ಡಿಯುಪಿಗಾಗಿ ಸೇರಿಸಿದ 50ನೇ ಪ್ಯಾರಾ, ಉತ್ತರ ಐರ್ಲೆಂಡಿಗೂ ಉಳಿದ ಬ್ರಿಟನ್ನಿಗೂ ನಡುವೆ ಹೊಸ ಅಡ್ಡಿ ಬರದು ಅಂದಿತು. ಎರಡಕ್ಕೂ ಸಹಿ ಬಿತ್ತು. 2018ರ ಫೆಬ್ರವರಿ 28ರಂದು ಆಯೋಗ 49ನ್ನು ಕಾನೂನು ಭಾಷೆಗೆ ಇಳಿಸಿ, 50ನ್ನು ಬ್ರಿಟನ್ನಿನ ಮನೆವಾರ್ತೆ ಅಂತ ಕೈಬಿಟ್ಟಿತು. ಇದಕ್ಕೆ ಯಾವ ಬ್ರಿಟಿಷ್ ಪ್ರಧಾನಿಯೂ ಒಪ್ಪಲಾರರು ಅಂತ ಮೇ ಸಂಸತ್ತಿನಲ್ಲಿ ಹೇಳಿದರು. ನವೆಂಬರ್‌ನಲ್ಲಿ ಬಂದ ಬ್ಯಾಕ್‌ಸ್ಟಾಪ್ ಇದಕ್ಕೆ ಹುಡುಕಿದ ದಾರಿ: ಬೇರೆ ಪರಿಹಾರ ಸಿಗುವವರೆಗೆ ಇಡೀ ಬ್ರಿಟನ್ ಒಕ್ಕೂಟದ ಜೊತೆ ಒಂದೇ ಸುಂಕ ವಲಯ.

ಕರಡುಪ್ರತಿ

ಆ ಬ್ಯಾಕ್‌ಸ್ಟಾಪಿನಿಂದ ಒಬ್ಬರೇ ಹೊರಬರಲು ಬಾಗಿಲಿರಲಿಲ್ಲ. ಅಟಾರ್ನಿ ಜನರಲ್ ಜೆಫ್ರಿ ಕಾಕ್ಸ್ ತಮ್ಮ ಸಲಹೆಯಲ್ಲಿ ಅದನ್ನೇ ಬರೆದಿದ್ದರು. ಸರ್ಕಾರ ಸಲಹೆಯನ್ನು ಮುಚ್ಚಿಟ್ಟು ಸಂಸತ್ತಿನ ನಿಂದನೆಗೆ ಗುರಿಯಾಗಿ, ಕೊನೆಗೆ 2018ರ ಡಿಸೆಂಬರ್ 5ಕ್ಕೆ ಪ್ರಕಟಿಸಬೇಕಾಯಿತು. ಆಮೇಲೆ ಒಪ್ಪಂದದ ಮೇಲೆ ಬ್ರಿಟಿಷ್ ಸಂಸತ್ತಿನ ಮತಗಳು: 2019ರ ಜನವರಿ 15ರಂದು 432–202, ಮಾರ್ಚ್ 12ರಂದು 391–242, ಮಾರ್ಚ್ 29ರಂದು 344–286. ಮೂರೂ ಸೋಲು. ನಡುವೆ ಸ್ಪೀಕರ್ ಜಾನ್ ಬರ್ಕೋ 1604ರ ಕಾಲದ ಸಂಪ್ರದಾಯ ಎತ್ತಿ, ಅದೇ ಪ್ರಸ್ತಾವವನ್ನು ಅದೇ ಅಧಿವೇಶನದಲ್ಲಿ ಮತ್ತೆಮತ್ತೆ ತರುವಂತಿಲ್ಲ ಅಂದರು. ಆದ್ದರಿಂದ ಮೂರನೇ ಸಲ ರಾಜಕೀಯ ಘೋಷಣೆ ಬಿಟ್ಟು ನಿರ್ಗಮನ ಒಪ್ಪಂದ ಒಂದನ್ನೇ ತಂದರು.

ಹಾಗಾದರೆ ಸಂಸತ್ತಿಗೆ ಏನು ಬೇಕಿತ್ತು? ಮಾರ್ಚ್ 27ರಂದು ಎಂಟು ಆಯ್ಕೆ ಇಟ್ಟು ಮತ ಹಾಕಿದರು, ಎಂಟೂ ಬಿದ್ದವು. ಏಪ್ರಿಲ್ 1ರಂದು ನಾಲ್ಕು ಇಟ್ಟರು, ನಾಲ್ಕೂ ಬಿದ್ದವು. ಕಸ್ಟಮ್ಸ್ ಯೂನಿಯನ್ ಆಯ್ಕೆ ಸೋತದ್ದು 273–276, ಮೂರೇ ಮತ. ಪ್ರತಿ ಸಂಸದನಿಗೂ ತನ್ನ ಎರಡನೇ ಆಯ್ಕೆಗೆ ಮತ ಹಾಕಿದರೆ ಮೊದಲ ಆಯ್ಕೆ ಸಾಯುತ್ತದೆಂಬ ಭಯ. ಹೌದು ಅಥವಾ ಇಲ್ಲ ಅನ್ನುವ ಬದಲು ಆದ್ಯತೆಯ ಕ್ರಮದಲ್ಲಿ ಗುರುತು ಹಾಕಿಸಿದ್ದರೆ ಏನಾದರೊಂದು ಗೆಲ್ಲುತ್ತಿತ್ತು. ಮತ ಎಣಿಸುವ ವಿಧಾನವನ್ನು ಇಷ್ಟು ಹಗುರವಾಗಿ ತೆಗೆದುಕೊಂಡದ್ದಕ್ಕೆ ನನಗೆ ಈಗಲೂ ಸಮಾಧಾನವಿಲ್ಲ.

ವಿಸ್ತರಣೆಯ ದಿನಾಂಕಗಳನ್ನೂ ಬ್ರಸೆಲ್ಸೇ ಆರಿಸಿತು. ಮೊದಲು ಕೊಟ್ಟದ್ದು ಏಪ್ರಿಲ್ 12, ಒಪ್ಪಂದ ಪಾಸಾದರೆ ಮೇ 22. ಯಾಕೆ 22? 23ರಿಂದ ಐರೋಪ್ಯ ಸಂಸತ್ತಿನ ಚುನಾವಣೆ. ಅಂದು ಸದಸ್ಯನಾಗಿದ್ದರೆ ಚುನಾವಣೆ ನಡೆಸಲೇಬೇಕು. ಕೊನೆಗೆ ನಡೆಸಿಯೇಬಿಟ್ಟರು. ಆಮೇಲೆ ಅಕ್ಟೋಬರ್ 31, ಆಮೇಲೆ ಜನವರಿ 31. ಕೊನೆಯದ್ದನ್ನು ಕೇಳುವಂತೆ ಸಂಸತ್ತೇ ಕಾಯ್ದೆ ಮಾಡಿ, ಅಷ್ಟರಲ್ಲಿ ಪ್ರಧಾನಿಯಾಗಿದ್ದ ಜಾನ್ಸನ್ ಕೈ ತಿರುಚಿತು. ಅವರು ಅಕ್ಟೋಬರ್ 19ರಂದು ಸಹಿಯಿಲ್ಲದ ಪ್ರತಿ ಕಳಿಸಿದರು. ಬ್ರಸೆಲ್ಸು ಸಹಿ ಹುಡುಕಲಿಲ್ಲ, ಸ್ವೀಕರಿಸಿತು. 50ನೇ ವಿಧಿಯ ನಿರ್ಗಮನ ಪತ್ರವನ್ನೇ ಏಕಪಕ್ಷೀಯವಾಗಿ ಹಿಂಪಡೆಯಬಹುದು ಅಂತ ಐರೋಪ್ಯ ನ್ಯಾಯಾಲಯ 2018ರ ಡಿಸೆಂಬರ್ 10ರಂದೇ ಹೇಳಿತ್ತು. ಆ ಬಾಗಿಲನ್ನು ಯಾವ ಸರ್ಕಾರವೂ ಮುಟ್ಟಲಿಲ್ಲ.

ತುಂಗಾತೀರ

ಹಾಗಾದರೆ 2019ರ ಅಕ್ಟೋಬರ್‌ನಲ್ಲಿ ಜಾನ್ಸನ್ ತಂದ "ಹೊಸ ಒಪ್ಪಂದ"ದಲ್ಲಿ ಹೊಸದೇನಿತ್ತು?

ಸುಂಕದಕಟ್ಟೆ

ಐರ್ಲೆಂಡಿನ ಪ್ರೋಟೋಕಾಲ್, ಅಂದರೆ ಒಪ್ಪಂದದಲ್ಲಿ ಆ ಗಡಿಯ ಕುರಿತ ಭಾಗ, ಮತ್ತು ರಾಜಕೀಯ ಘೋಷಣೆ. ಹಣ, ನಾಗರಿಕರ ಹಕ್ಕು, ಉಳಿದ ನೂರಾರು ಪುಟ ಹಾಗೇ. ಮೂರು ಮಾತಿನಲ್ಲಿ ಮೂರನೆಯದ್ದನ್ನು ಕೈಬಿಟ್ಟರು, ಅಷ್ಟೇ. ಉತ್ತರ ಐರ್ಲೆಂಡ್ ಕಾಗದದ ಮೇಲೆ ಬ್ರಿಟನ್ನಿನ ಸುಂಕ ವಲಯ, ನಡೆಯಲ್ಲಿ ಸರಕಿನ ಮಟ್ಟಿಗೆ ಒಕ್ಕೂಟದ ನಿಯಮ. ತಪಾಸಣೆ ಐರಿಶ್ ಸಮುದ್ರಕ್ಕೆ ಹೋಯಿತು. ಮೇ ಒಪ್ಪಲಾಗದು ಎಂದಿದ್ದ 2018ರ ಫೆಬ್ರವರಿಯ ಕರಡಿಗೆ ಇದು ಬಹಳ ಹತ್ತಿರ. ಸೇರಿಸಿದ್ದು, ಇದು ಮುಂದುವರಿಯಬೇಕೇ ಎಂದು ಉತ್ತರ ಐರ್ಲೆಂಡಿನ ಸ್ಟಾರ್ಮಂಟ್ ಶಾಸನಸಭೆ ಹಾಕುವ ಸಮ್ಮತಿ ಮತ. ಡಿಸೆಂಬರ್ 12ರ ಚುನಾವಣೆಯಲ್ಲಿ 80ರ ಬಹುಮತ ಬಂದ ಮೇಲೆ ಡಿಯುಪಿಯ 10 ಮತದ ಹಂಗು ಇರಲಿಲ್ಲ.

ಆಚರಣೆಯಲ್ಲಿ ಇದು ಕೈಕೊಟ್ಟಿತು. ಗ್ಲಾಸ್ಗೋದಿಂದ ಬೆಲ್‌ಫಾಸ್ಟಿನ ಅಂಗಡಿಗೆ ಹೋಗುವ ಸ್ಯಾಂಡ್‌ವಿಚ್‌ಗೂ ಆರೋಗ್ಯ ಪ್ರಮಾಣಪತ್ರ ಬೇಕಾಗುವ ಸ್ಥಿತಿ. 2020ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ತಾನೇ ಸಹಿ ಹಾಕಿದ್ದನ್ನು ಆಂತರಿಕ ಮಾರುಕಟ್ಟೆ ಮಸೂದೆಯಿಂದ ಮುರಿಯಹೊರಟಿತು. ಇದು ಅಂತರರಾಷ್ಟ್ರೀಯ ಕಾನೂನಿನ ಉಲ್ಲಂಘನೆ ಹೌದು ಅಂತ ಅದರ ಸಚಿವರೇ ಸದನದಲ್ಲಿ ಒಪ್ಪಿದರು. ಡಿಸೆಂಬರ್‌ನಲ್ಲಿ ಆ ಕಲಂಗಳನ್ನು ವಾಪಸ್ ತೆಗೆದುಕೊಂಡರು. 2021ರ ಜನವರಿ 29ರಂದು ಕೋವಿಡ್ ಲಸಿಕೆಯ ಜಗಳದಲ್ಲಿ ಆಯೋಗವೇ ಪ್ರೋಟೋಕಾಲಿನ 16ನೇ ವಿಧಿಗೆ (ಏಕಪಕ್ಷೀಯ ಕ್ರಮಕ್ಕೆ ಬಿಡುವ ಕಲಂ) ಕೈಹಾಕಿ ಕೆಲವೇ ಗಂಟೆಯಲ್ಲಿ ಹಿಂತೆಗೆಯಿತು. 2023ರ ಫೆಬ್ರವರಿ 27ರ ವಿಂಡ್ಸರ್ ಚೌಕಟ್ಟಿನಲ್ಲಿ ದಾರಿ ಎರಡಾಯಿತು: ಉತ್ತರ ಐರ್ಲೆಂಡಿನಲ್ಲೇ ಉಳಿಯುವ ಸರಕಿಗೆ ಹಸಿರು ದಾರಿ, "ಒಕ್ಕೂಟಕ್ಕಲ್ಲ" ಎಂಬ ಚೀಟಿ ಅಂಟಿಸಿ, ದಕ್ಷಿಣಕ್ಕೆ ದಾಟಬಹುದಾದದ್ದಕ್ಕೆ ಕೆಂಪು ದಾರಿ.

ಪಣಂಬೂರು ದಕ್ಕೆ

ಮೀನಿನ ವಿಷಯ ಯಾರೂ ಎತ್ತಲಿಲ್ಲ, ಹಾಗಾಗಿ ನಾನೇ ಬರೆಯುತ್ತೇನೆ. ಬ್ರಿಟನ್ನಿನ ಒಟ್ಟು ಉತ್ಪನ್ನದಲ್ಲಿ ಮೀನುಗಾರಿಕೆಯ ಪಾಲು ಶೇ 0.1ರ ಆಸುಪಾಸು. ಆದರೂ 2020ರ ಡಿಸೆಂಬರ್ 24ರವರೆಗೆ ವ್ಯಾಪಾರ ಒಪ್ಪಂದ ನಿಂತದ್ದು ಅದಕ್ಕೆ. ಕೊನೆಗೆ ಆದದ್ದು: ಬ್ರಿಟಿಷ್ ನೀರಿನಲ್ಲಿ ಒಕ್ಕೂಟದ ದೋಣಿಗಳು ಹಿಡಿಯುವ ಪಾಲಿನ ಮೌಲ್ಯದಲ್ಲಿ ಶೇ 25 ಬ್ರಿಟನ್ನಿಗೆ, ಐದೂವರೆ ವರ್ಷದಲ್ಲಿ ಹಂತಹಂತವಾಗಿ, 2026ರ ಜೂನ್ 30ರವರೆಗೆ. ಆಮೇಲೆ ವರ್ಷಕ್ಕೊಮ್ಮೆ ಮಾತುಕತೆ. ಅಲ್ಲಿಂದ ಬ್ರಿಟನ್ನಿನ ಕೈ ಮೇಲಾಗಬೇಕಿತ್ತು. ಆದರೆ 2025ರ ಮೇ 19ರ ಲಂಡನ್ ಶೃಂಗಸಭೆಯಲ್ಲಿ ಆಹಾರ ತಪಾಸಣೆ ಸಡಿಲವಾಗಲೆಂದು ಅದೇ ನೀರಿನ ಪ್ರವೇಶವನ್ನು 2038ರ ಜೂನ್ 30ರವರೆಗೆ ಕೊಟ್ಟರು.

ಮೀನುಗಾರರ ನಿಜವಾದ ಪೆಟ್ಟು ಕೋಟಾದಲ್ಲಿ ಅಲ್ಲ, ಮಾರಾಟದಲ್ಲಿ. ಮರುವಾಯಿ ಜಾತಿಯ ಚಿಪ್ಪುಮೀನು ಬಿ ದರ್ಜೆಯ ನೀರಿನದ್ದಾದರೆ ಶುದ್ಧೀಕರಿಸದೆ ಜೀವಂತ ಕಳಿಸುವಂತಿಲ್ಲ; ಒಳಗಿದ್ದಾಗ ಫ್ರಾನ್ಸಿನಲ್ಲಿ ಶುದ್ಧೀಕರಿಸಲು ಬಿಡುತ್ತಿದ್ದರು, ಹೊರದೇಶಕ್ಕೆ ಆ ಸೌಲಭ್ಯ ಇಲ್ಲ. ಒಂದೇ ಲಾರಿಯಲ್ಲಿ 20 ಜನರ ಪೆಟ್ಟಿಗೆ ಹಾಕಿ ಕಳಿಸಿದರೆ, ಒಬ್ಬರ ಪ್ರಮಾಣಪತ್ರದಲ್ಲಿ ತಪ್ಪಿದ್ದರೂ ಇಪ್ಪತ್ತೂ ನಿಂತಿತು. ಪ್ರತಿ ಪ್ರಮಾಣಪತ್ರಕ್ಕೂ ಅಧಿಕೃತ ತಪಾಸಕರ ಸಹಿ. ಮೀನು ಕಾಯುವುದಿಲ್ಲ.

ಲೆಕ್ಕಪತ್ರ

ನಮ್ಮವರಿಗೂ ತಾಗಿದ ಒಂದು ಅಂಶ ಇಲ್ಲಿದೆ. 2020ರ ಒಪ್ಪಂದದಲ್ಲಿ ಸುಂಕವಿಲ್ಲ, ಕೋಟಾ ಮಿತಿಯಿಲ್ಲ ಅಂತ ಘೋಷಿಸಿದ್ದು ಬ್ರಿಟನ್ ಅಥವಾ ಒಕ್ಕೂಟದಲ್ಲಿ ಹುಟ್ಟಿದ ಸರಕಿಗೆ ಮಾತ್ರ. ಬೆಂಗಳೂರಿನಲ್ಲಿ ಹೊಲಿದ ಅಂಗಿ ಇಂಗ್ಲೆಂಡಿನ ಗೋದಾಮಿಗೆ ಬಂದು ಅಲ್ಲಿ ಸುಂಕ ಕಟ್ಟಿ, ಅಲ್ಲಿಂದ ಡಬ್ಲಿನ್ನಿನ ಅಂಗಡಿಗೆ ಹೋದರೆ ಒಕ್ಕೂಟದ ಸುಂಕ ಮತ್ತೆ ಬೀಳುತ್ತದೆ. ಮಡಚಿ, ಚೀಟಿ ಅಂಟಿಸಿ, ಪೆಟ್ಟಿಗೆ ಬದಲಿಸಿದರೆ ಅದು ಬ್ರಿಟನ್ನಿನ ಸರಕಾಗುವುದಿಲ್ಲ. ಇಡೀ ಯುರೋಪಿಗೆ ಇಂಗ್ಲೆಂಡಿನ ಒಂದೇ ಗೋದಾಮು ಅನ್ನುವ ವ್ಯವಸ್ಥೆ ಹೀಗೆ ಮುರಿಯಿತು. ಗೋದಾಮನ್ನು ನೆದರ್ಲೆಂಡ್ಸಿನಲ್ಲೂ ಮಾಡಿ, ಅಥವಾ ಸುಂಕ ಕಟ್ಟದೆ ಬಾಂಡೆಡ್ ಗೋದಾಮಿನಲ್ಲಿ ಇಟ್ಟು ಮುಂದೆ ಕಳಿಸಿ, ಇವೆರಡೇ ದಾರಿ. ವಿದ್ಯುತ್ ಕಾರಿನ ಬ್ಯಾಟರಿಗೂ ಇದೇ ತೊಡಕು: ಕಠಿಣ ನಿಯಮ 2024ಕ್ಕೆ ಬರಬೇಕಿತ್ತು, ಶೇ 10 ಸುಂಕದ ಹೆದರಿಕೆಗೆ 2026ರ ಕೊನೆವರೆಗೆ ಮುಂದೂಡಿದರು.

ಎದುರು ಬದಿಯಲ್ಲಿ, ಸ್ವಂತ ವ್ಯಾಪಾರ ನೀತಿ ಎಂಬ ಕೆಂಪು ಗೆರೆಯ ಫಲವಾಗಿ ಭಾರತದ ಜೊತೆಗಿನ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿತ್ತು. ಸಹಿ ಹಾಕಿದ ಜಾಗ ಅದೇ ಚೆಕರ್ಸ್.

ಮೂಡಲಮನೆ

ಗೋವಾ ಮೂಲದವರು ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಂಗ್ಲೆಂಡಿನ ಸ್ವಿಂಡನ್ ಕಡೆ ನೆಲೆಸಿದ್ದರಲ್ಲ, ಅವರಿಗೆ ಏನಾಯಿತು?

ಕರಡುಪ್ರತಿ

ಅವರು ಪೋರ್ಚುಗಲ್ಲಿನ ಪ್ರಜೆಗಳು, ಆದ್ದರಿಂದ ಒಕ್ಕೂಟದ ನಾಗರಿಕರು. 2020ರ ಡಿಸೆಂಬರ್ 31ರೊಳಗೆ ಬ್ರಿಟನ್ನಿನಲ್ಲಿ ವಾಸ ಶುರು ಮಾಡಿದ್ದವರಿಗೆ ಹಕ್ಕು ಉಳಿಯಿತು, ನಂತರ ಬಂದವರು ಮಾಮೂಲಿ ವೀಸಾ ಸಾಲಿಗೆ. ಹಕ್ಕು ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು ಅನ್ನುವ ಪದ್ಧತಿಯನ್ನು ಬ್ರಿಟನ್ ಆರಿಸಿತು. ಗಡುವು 2021ರ ಜೂನ್ 30. ಐದು ವರ್ಷ ವಾಸ ಮುಗಿದವರಿಗೆ ಕಾಯಂ, ಮುಗಿಯದವರಿಗೆ ತಾತ್ಕಾಲಿಕ ಸ್ಥಾನಮಾನ. ತಾತ್ಕಾಲಿಕದವರು ಮತ್ತೊಮ್ಮೆ ಅರ್ಜಿ ಹಾಕದಿದ್ದರೆ ಹಕ್ಕೇ ಹೋಗುತ್ತದೆ ಅಂತ ಸರ್ಕಾರ ಹೇಳಿತ್ತು. ಅದು ನಿರ್ಗಮನ ಒಪ್ಪಂದಕ್ಕೆ ವಿರುದ್ಧ ಅಂತ 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ತೀರ್ಪು ಬಂತು, ಈಗ ಅವಧಿ ತಾನಾಗಿ ವಿಸ್ತರಣೆಯಾಗುತ್ತದೆ. ಮೊದಲ ಹಂತದ ಮೂರು ವಿಷಯದಲ್ಲಿ ಕಡಿಮೆ ಜಗಳದಲ್ಲಿ ಮುಗಿದದ್ದು ಇದೇ, ಕೋರ್ಟಿನಲ್ಲಿ ಗಟ್ಟಿಯಾಗಿ ನಿಂತದ್ದೂ ಇದೇ.

ಅವಸರದ ಬರವಣಿಗೆ ಹೇಗಿರುತ್ತದೆ ಅನ್ನುವುದಕ್ಕೆ ಒಂದು ತಮಾಷೆ: 2020ರ ವ್ಯಾಪಾರ ಒಪ್ಪಂದದಲ್ಲಿ ಡಿಎನ್‌ಎ ಮಾಹಿತಿ ವಿನಿಮಯದ ಅನುಬಂಧವನ್ನು 2008ರ ಹಳೆಯ ನಿರ್ಣಯದಿಂದ ನಕಲು ಹೊಡೆದಿದ್ದರು. ಅದರಲ್ಲಿ ನೆಟ್‌ಸ್ಕೇಪ್ ಕಮ್ಯುನಿಕೇಟರ್ ಎಂಬ, ಎಂದೋ ಮೂಲೆ ಸೇರಿದ ತಂತ್ರಾಂಶ ಆಧುನಿಕ ಇಮೇಲ್ ತಂತ್ರಾಂಶದ ಪಟ್ಟಿಯಲ್ಲಿದೆ. ಸಾವಿರಕ್ಕೂ ಹೆಚ್ಚು ಪುಟದ ಆ ಪಠ್ಯಕ್ಕೆ ಬ್ರಿಟಿಷ್ ಸಂಸತ್ತು ಡಿಸೆಂಬರ್ 30ರಂದು ಒಂದೇ ದಿನದಲ್ಲಿ ಒಪ್ಪಿಗೆ ಕೊಟ್ಟಿತು, 521–73.

ಧಾರವಾಡದಾಂವ

ನಾಳೆ ಮತ್ತೊಂದು ದೇಶ ಹೊರಗ ಹೋಗ್ತೀನಿ ಅಂದ್ರ ಏನ್ ಮಾಡ್ಬೇಕ್ರೀ? ಪುರಾಣ ಬ್ಯಾಡ, ನಾಕ್ ಮಾತಿನ್ಯಾಗ ಹೇಳ್ರಿ.

ಕರಡುಪ್ರತಿ

ಯಾವ ಮೆಟ್ಟಿಲು ಅಂತ ಸ್ವಂತ ಸಂಸತ್ತಿನಲ್ಲಿ ಮತ ಹಾಕಿಸಿ ಆಮೇಲೆ ಪತ್ರ ಕೊಡಿ. ಪತ್ರ ಕೊಟ್ಟ ಮೇಲೆ ಚುನಾವಣೆ ಇಡಬೇಡಿ. ಕರಡು ನೀವೇ ಮೊದಲು ಬರೆಯಿರಿ. ಹೊರಬಿದ್ದ ಮೇಲೂ ಹಳೆಯ ನಿಯಮ ನಡೆಯುವ ಪರಿವರ್ತನಾ ಅವಧಿಯನ್ನು ತಿಂಗಳಲ್ಲಿ ಅಳೆಯಬೇಡಿ, ಕಸ್ಟಮ್ಸ್ ಠಾಣೆ ಕಟ್ಟಿ ಮುಗಿಯುವವರೆಗೆ ಅಂತ ಬರೆಯಿಸಿ. ಬ್ರಿಟನ್ ತನ್ನದೇ ಆಮದು ತಪಾಸಣೆಯನ್ನು ಐದು ಸಲ ಮುಂದೂಡಿ 2024ರಲ್ಲಿ ಶುರು ಮಾಡಿತು.

ಪಣಂಬೂರು ದಕ್ಕೆ

ಗ್ರೀನ್‌ಲ್ಯಾಂಡ್ ಕೂಡ ಉಂಟಲ್ಲ. 1982ರಲ್ಲಿ ಜನಮತ, 1985ರ ಫೆಬ್ರವರಿ 1ಕ್ಕೆ ಹೊರಗೆ. ಸುಮಾರು 50,000 ಜನ, ಮುಖ್ಯ ವಿಷಯ ಮೀನು ಒಂದೇ, ಅದು ಸೇರಿರುವ ಡೆನ್ಮಾರ್ಕ್ ಒಕ್ಕೂಟದೊಳಗೇ ಉಳಿದಿತ್ತು. ಅದಕ್ಕೂ ಮೂರು ವರ್ಷ ಹಿಡಿಯಿತು. 50ನೇ ವಿಧಿ ಆಗ ಇರಲಿಲ್ಲ, ಗಡಿಯಾರವೂ ಇರಲಿಲ್ಲ. ಕರಡುಪ್ರತಿಯವರ ನಾಲ್ಕು ಮಾತು ಓದಲು ಚಂದ, ಆದರೆ ಮೆಟ್ಟಿಲು ಯಾವುದೆಂದು ಮೊದಲೇ ಮತ ಹಾಕಿಸಿದ್ದರೆ 2017ರ ಬ್ರಿಟನ್ನಿನಲ್ಲಿ ಪತ್ರವೇ ಹೋಗುತ್ತಿರಲಿಲ್ಲ. ಕೆಲವರಿಗೆ ಅದೇ ಬೇಕಿತ್ತು, ಕೆಲವರಿಗೆ ಅದೇ ಭಯ.

ತುಂಗಾತೀರ

ಇದಕ್ಕೆ ಒಪ್ಪದಿರುವುದು ಕಷ್ಟ. ಕೊನೆಯ ಪ್ರಶ್ನೆ: ಸ್ಟಾರ್ಮಂಟ್ ಸಮ್ಮತಿ ಮತ ನಡೆಯಿತೆ?

ಸುಂಕದಕಟ್ಟೆ

2024ರ ಡಿಸೆಂಬರ್ 10ರಂದು ನಡೆಯಿತು. 48–36ರಿಂದ ಮುಂದುವರಿಸಲು ಒಪ್ಪಿದರು. ಬ್ರಿಟನ್ನಿನೊಂದಿಗೇ ಇರಬೇಕೆನ್ನುವ ಯೂನಿಯನಿಸ್ಟ್ ಸದಸ್ಯರು ವಿರೋಧಿಸಿದರು. ಯೂನಿಯನಿಸ್ಟ್, ನ್ಯಾಷನಲಿಸ್ಟ್ (ಐರ್ಲೆಂಡ್ ಒಂದಾಗಬೇಕೆನ್ನುವವರು) ಎರಡೂ ಸಮುದಾಯದ ಬಹುಮತ ಬಂದಿದ್ದರೆ ಎಂಟು ವರ್ಷ ನಡೆಯುತ್ತಿತ್ತು, ಬರೀ ಸರಳ ಬಹುಮತ ಆದ್ದರಿಂದ ನಾಲ್ಕೇ ವರ್ಷ. ಮುಂದಿನ ಮತ 2028ರಲ್ಲಿ.